ಅಲರ್ಜಿಗೆ ಹೆದರಿ ಮಗುವಿಗೆ ಕಡಲೆಕಾಯಿ, ಮೊಟ್ಟೆ ತಡ ಮಾಡುತ್ತಿದ್ದೀರಾ?

ನಮಸ್ಕಾರ. "ಕಡಲೆಕಾಯಿ ಈಗಲೇ ಬೇಡ, ಅಲರ್ಜಿ ಆಗುತ್ತೆ, ಮೂರು ವರ್ಷ ತುಂಬಲಿ." ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಇದು ಯಾರೋ ಸುಮ್ನೆ ಹುಟ್ಟಿಸಿದ್ದಲ್ಲ. ಅಲರ್ಜಿ ಬರುವ ಸಾಧ್ಯತೆ ಜಾಸ್ತಿ ಇರುವ ಮಕ್ಕಳಿಗೆ 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೀಗೆ ಹೇಳಿತ್ತು. ತಡ ಮಾಡಿದರೆ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗದೆ 2008ರಲ್ಲಿ ಕೈಬಿಟ್ಟಿತು. ಆದರೆ ಹೆದರಿಕೆ ಮಾತ್ರ ಮನೆಮನೆಯಲ್ಲೂ ಉಳಿದುಬಿಟ್ಟಿದೆ.

[ಪರದೆಯಲ್ಲಿ: ಲೀಪ್ ಅಧ್ಯಯನ, ಲಂಡನ್, 2015]

ಈ ಅಧ್ಯಯನದಲ್ಲಿ ತೀವ್ರ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳಿನ 640 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಡಲೆಕಾಯಿ ತಿನಿಸುತ್ತಾ ಬಂದರು, ಇನ್ನೊಂದಕ್ಕೆ ಪೂರ್ತಿ ದೂರ ಇಟ್ಟರು. ಐದು ವರ್ಷ ತುಂಬಿದಾಗ ದೂರ ಇಟ್ಟವರಲ್ಲಿ ಶೇ. 17ರಷ್ಟು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇತ್ತು. ತಿಂದವರಲ್ಲಿ? ಸುಮಾರು ಶೇ. 3 ಮಾತ್ರ.

ಯಾಕೆ ಹೀಗೆ? ವಿಜ್ಞಾನಿಗಳು ಚರ್ಮದ ಕಡೆ ಕೈ ತೋರಿಸುತ್ತಾರೆ. ಎಕ್ಸಿಮಾ ಇದ್ದರೆ ಚರ್ಮ ಬಿರುಕು ಬಿಟ್ಟಿರುತ್ತದೆ, ಮನೆಯ ಧೂಳಿನಲ್ಲಿರುವ ಆಹಾರದ ಕಣಗಳು ಅಲ್ಲಿಂದ ಒಳಗೆ ಹೋದಾಗ ದೇಹ ಅದನ್ನು ಶತ್ರು ಅಂದುಕೊಳ್ಳಬಹುದು. ಅದೇ ಕಣ ಬಾಯಿಯಿಂದ ಹೊಟ್ಟೆಗೆ ಹೋದರೆ, ಇದು ಊಟ ಅಂತ ಒಪ್ಪಿಕೊಳ್ಳುವ ಸಾಧ್ಯತೆ ಜಾಸ್ತಿ. ಅಂದರೆ ನಾವು ತಿನಿಸುವುದನ್ನು ತಡ ಮಾಡಿದಷ್ಟೂ ಚರ್ಮಕ್ಕೆ ಮೊದಲ ಅವಕಾಶ ಕೊಟ್ಟ ಹಾಗೆ.

ಎದೆಹಾಲಿನ ವಿಷಯ. ಮೊದಲ ಆರು ತಿಂಗಳು ಅದಕ್ಕಿಂತ ಒಳ್ಳೆಯದು ಇಲ್ಲ, ಸೋಂಕುಗಳಿಂದ ಕಾಪಾಡುತ್ತದೆ. ಆದರೆ ಆಹಾರದ ಅಲರ್ಜಿಯನ್ನು ಅದೊಂದೇ ತಡೆಯುತ್ತದೆ ಅನ್ನುವ ಪುರಾವೆ ಗಟ್ಟಿಯಾಗಿಲ್ಲ. ಹಾಗಾಗಿ ಮಗುವಿಗೆ ಅಲರ್ಜಿ ಬಂದರೆ ದಯವಿಟ್ಟು ತಾಯಿಯ ಕಡೆ ಬೆರಳು ತೋರಿಸಬೇಡಿ. ಅಲರ್ಜಿ ತಡೆಯಲೆಂದು ಬಾಣಂತಿ ಮೊಟ್ಟೆ, ಹಾಲು, ಕಡಲೆಕಾಯಿ ಬಿಡುವುದೂ ಬೇಕಿಲ್ಲ, ಪಾಪ, ಅವಳಿಗೆ ಪೌಷ್ಟಿಕ ಊಟ ಬೇಕಾದ ಸಮಯ ಅದು.

ಹಾಗಾದರೆ ಶುರು ಮಾಡುವುದು ಹೇಗೆ? ಸುಮಾರು ಆರು ತಿಂಗಳಿಗೆ, ಮಗು ಮೆತ್ತನೆಯ ಆಹಾರ ತಿನ್ನಲು ಸಿದ್ಧವಾದ ಮೇಲೆ. ನಾಲ್ಕು ತಿಂಗಳಿಗೆ ಮುಂಚೆ ಬೇಡವೇ ಬೇಡ. ಇಡೀ ಕಡಲೆಕಾಯಿ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು, ತೆಳ್ಳಗೆ ಮಾಡಿ ಸ್ವಲ್ಪವೇ ಕೊಡಿ. ಮೊಟ್ಟೆ ಚೆನ್ನಾಗಿ ಬೆಂದಿರಬೇಕು. ಒಂದು ಸಲಕ್ಕೆ ಒಂದೇ ಹೊಸ ಆಹಾರ. ಒಗ್ಗಿದರೆ ನಿಲ್ಲಿಸದೆ ವಾರವಾರವೂ ಕೊಡುತ್ತಿರಿ.

ಮಗುವಿಗೆ ಈಗಾಗಲೇ ತೀವ್ರ ಎಕ್ಸಿಮಾ ಅಥವಾ ಯಾವುದಾದರೂ ಆಹಾರದ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಿ. ತಿಂದ ಮೇಲೆ ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ ಆ ಆಹಾರ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ಅಥವಾ ಮಗು ಇದ್ದಕ್ಕಿದ್ದಂತೆ ಸುಸ್ತಾಗಿ ಜೋಲು ಬಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ.