ಬಿಲ್ಲಿನ ಜೆರಾಕ್ಸ್ ಮಾಡಿಸಿದ್ದೀರಾ?

ಕೇಳುಗರಿಗೆ ನಮಸ್ಕಾರ. ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಇವತ್ತು ಎಸ್‌ಎಂಪಿಎಸ್ ಬಗ್ಗೆ ಮಾತಾಡೋಣ. ಸಿಪಿಯು ಡಬ್ಬಿಯ ಹಿಂದೆ ಕರೆಂಟ್ ವೈರು ಚುಚ್ಚುತ್ತೀರಲ್ಲ, ಆ ಪೆಟ್ಟಿಗೆ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟ್ ಮಾಡಿ ಒಳಗಿನ ಎಲ್ಲದಕ್ಕೂ ಹಂಚುವುದು ಅದೇ. ಮನೆಯಲ್ಲಿ ಬಡಿಸುವವರು ಮಲಗಿದರೆ ಎಲ್ಲರೂ ಉಪವಾಸ, ಅಲ್ವಾ? ಹಾಗೇ ಇದು.

ನಮ್ಮೂರ ಬಿಸಿಲು, ಧೂಳು ಇದಕ್ಕೆ ಆಗಿಬರುವುದಿಲ್ಲ. ಫ್ಯಾನಿಗೆ ಧೂಳು ಮೆತ್ತಿದರೆ ಒಳಗೆ ಕಾವು ಏರುತ್ತದೆ, ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಉಬ್ಬುತ್ತದೆ. ಒಂದು ದಿನ ಬಟನ್ ಒತ್ತಿದರೆ ಸದ್ದೇ ಇಲ್ಲ.

ಆಗ ಮೊದಲು ಹಿಂದಿನ ಚಿಕ್ಕ ಸ್ವಿಚ್ ನೋಡಿ. ಕಸ ಗುಡಿಸುವಾಗ ಪೊರಕೆ ತಾಗಿ ಆಫ್ ಆಗಿರುತ್ತದೆ. ಅಷ್ಟಕ್ಕೇ ಆಟೋದಲ್ಲಿ ಹೊತ್ತು ತಂದವರಿದ್ದಾರೆ! ಆಮೇಲೆ ಬೇರೆ ವೈರು, ಬೇರೆ ಪ್ಲಗ್ಗು. ಆಗಲೂ ಏಳಲಿಲ್ಲವೇ? ಸ್ಕ್ರೂ ಡ್ರೈವರ್ ಕೆಳಗಿಡಿ, ಬಿಲ್ ಹುಡುಕಿ. ಪೆಟ್ಟಿಗೆ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿಯೂ ಹೋಯಿತು.

ಬಿಲ್ ಅಂದೆನಲ್ಲ, ಒಂದು ಸಂಗತಿ ಹೇಳುತ್ತೇನೆ. ಗಂಜ್ ಕಡೆಯ ಒಂದು ದಾಲ್ ಮಿಲ್ಲು. ಜನವರಿ ತಿಂಗಳು, ತೊಗರಿ ಬರುವ ಹೊತ್ತು. ಲೆಕ್ಕದ ಕಂಪ್ಯೂಟರ್ ಸತ್ತಿತ್ತು. ಮುನೀಮರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. ಹೋದೆ. ಎಸ್‌ಎಂಪಿಎಸ್ ಹೊರಗೆ ತೆಗೆದು, 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರಿಗೂ ಕಪ್ಪು ವೈರಿಗೂ ಕ್ಲಿಪ್ ಸೇರಿಸಿ ಕರೆಂಟ್ ಕೊಟ್ಟೆ. ಚೆನ್ನಾಗಿದ್ದರೆ ಫ್ಯಾನ್ ತಿರುಗಬೇಕು. ತಿರುಗಲಿಲ್ಲ.

ಮೂರು ವರ್ಷದ ವಾರಂಟಿ, ಇನ್ನೂ ಐದು ತಿಂಗಳು ಬಾಕಿ. ಬಿಲ್ ಕೊಡಿ ಅಂದೆ. ಮುನೀಮರು ಶರಣಬಸವೇಶ್ವರರ ಫೋಟೋದ ಹಿಂದಿನಿಂದ ಭಕ್ತಿಯಿಂದ ಒಂದು ಚೀಟಿ ತೆಗೆದರು. ಬರೀ ಖಾಲಿ ಕಾಗದ!

"ಇದ್ರಾಗೇ ಬರ್ದಿತ್ರೀ ಸರ, ಎಲ್ಲಿ ಹೋಯ್ತೋ ಏನೋ!" ಅಂದರು. ಹಿಂದೆ ಮುಂದೆ ತಿರುಗಿಸಿದರು. ಬಿಸಿಲಿಗೂ ಹಿಡಿದು ನೋಡಿದರು.

ಎಲ್ಲಿ ಹೋಗುತ್ತದೆ? ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ, ಕಾವಿನಿಂದ ಮೂಡುವ ಅಕ್ಷರ. ತಗಡಿನ ಶೆಡ್ಡಿನಲ್ಲಿ ಎರಡು ಬೇಸಿಗೆ ಕಳೆದಿತ್ತು. ದೇವರಾದರೂ ಏನು ಮಾಡಬೇಕು?

ಕೊಂಡ ಅಂಗಡಿಗೆ ಹೋದೆವು. ಅವರದೇ ಕಂಪ್ಯೂಟರ್ ಫಾರ್ಮ್ಯಾಟ್ ಆಗಿತ್ತಂತೆ. ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ನೋಡಿ, ತಯಾರಾದ ದಿನದಿಂದ ಲೆಕ್ಕ ಹಿಡಿದು, ವಾರಂಟಿ ಮುಗಿದಿದೆ ಅಂದರು. ಅಂಗಡಿಯ ಕಪಾಟಿನಲ್ಲಿ ಅದು ಏಳು ತಿಂಗಳು ಕೂತಿತ್ತು ಅನ್ನುವುದಕ್ಕೆ ಸಾಕ್ಷಿ ಏನು? ಬಿಲ್ಲೇ ಸಾಕ್ಷಿ.

ಸಂಜೆ ಮುನೀಮರಿಗೆ ತಟ್ಟನೆ ಹೊಳೆಯಿತು. ಜಿಎಸ್‌ಟಿ ಲೆಕ್ಕಕ್ಕೆಂದು ಟ್ಯಾಕ್ಸ್ ನೋಡುವವರಿಗೆ ಆ ಬಿಲ್ಲಿನ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಅವರ ಫೋನಿನಲ್ಲಿ ಅದು ಹಾಗೇ ಇತ್ತು. ಹತ್ತು ದಿನಕ್ಕೆ ಬದಲಿ ಎಸ್‌ಎಂಪಿಎಸ್ ಬಂತು.

ಅದಕ್ಕೇ ಹೇಳುವುದು, ಕೊಂಡ ದಿನವೇ ಜೆರಾಕ್ಸ್ ಮಾಡಿಸಿ. ಹತ್ತು ಸಾವಿರದ ಸಾಮಾನು ತಂದು ಎರಡು ರೂಪಾಯಿಗೆ ಯಾಕೆ ಜಿಪುಣತನ? ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸರ್ವಿಸ್ ಸೆಂಟರಿಗೆ ಕೊಡುವಾಗ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ ಪಡೆಯಿರಿ. ಕಳಚುವ ಕೇಬಲ್ಲಿನ ಎಸ್‌ಎಂಪಿಎಸ್ ಆದರೆ, ಬದಲಿ ಬಂದದ್ದಕ್ಕೆ ಹಳೇ ಕೇಬಲ್ ಚುಚ್ಚಬೇಡಿ. ಕನೆಕ್ಟರ್ ಕೂತರೂ ಒಳಗಿನ ಪಿನ್ನುಗಳ ಜೋಡಣೆ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಟ್ಟೀತು. ಸುಮ್ನೆ ಅಲೆದಾಡಿಸಿದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಬಿಲ್ ಇದೆಯಾ ಅಂತ ಅವರೂ ಕೇಳುತ್ತಾರೆ.

ಬದಲಿ ಬಂತೆಂದು ಹಳೇ ಬಿಲ್ ಎಸೆಯಬೇಡಿ. ಸಾಮಾನ್ಯವಾಗಿ ವಾರಂಟಿ ಹೊಸದಾಗಿ ಶುರುವಾಗುವುದಿಲ್ಲ, ಹಳೇ ತಾರೀಖಿನದೇ ಮುಂದುವರಿಯುತ್ತದೆ. ನಮಸ್ಕಾರ.