ತರಕಾರಿ ಸಿಪ್ಪೆಯಿಂದ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ. ಮರುಬಳಕೆ ಅಂದ ಕೂಡಲೇ ಎಲ್ಲರ ಕಣ್ಮುಂದೆ ಬರುವುದು ಪ್ಲಾಸ್ಟಿಕ್ ಬಾಟಲಿ. ನಾನು ಇವತ್ತು ಬಾಟಲಿಯ ಮಾತು ಆಮೇಲೆ ಆಡುತ್ತೇನೆ. ಮೊದಲು ತರಕಾರಿ ಸಿಪ್ಪೆ.

ವಿಶ್ವಬ್ಯಾಂಕ್ 2018ರಲ್ಲಿ ಕಸದ ಬಗ್ಗೆ ದೊಡ್ಡ ವರದಿಯೊಂದನ್ನು ತಂದಿತು. 2016ರಲ್ಲಿ ಜಗತ್ತಿನ ಊರು, ನಗರಗಳಲ್ಲಿ ಹುಟ್ಟಿದ ಕಸ ಸುಮಾರು 201 ಕೋಟಿ ಟನ್ ಅಂತ ಅದರ ಲೆಕ್ಕ. ಹೀಗೇ ಬಿಟ್ಟರೆ 2050ರ ಹೊತ್ತಿಗೆ ಅದು 340 ಕೋಟಿ ಟನ್ ಆಗುತ್ತದಂತೆ. ಇಷ್ಟು ದೊಡ್ಡ ಅಂಕಿ ತಲೆಯಲ್ಲಿ ನಿಲ್ಲುವುದಿಲ್ಲ, ಬಿಡಿ. ನಿಲ್ಲಬೇಕಾದ್ದು ಇನ್ನೊಂದಿದೆ. ಬಡ ದೇಶಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಉಳಿದ ಊಟ, ಸಿಪ್ಪೆ, ಎಲೆ, ಹುಲ್ಲು. ಶ್ರೀಮಂತ ದೇಶಗಳಲ್ಲಿ ಇದು ಮೂರನೇ ಒಂದು ಪಾಲಿನಷ್ಟು. ಹಾಗಾಗಿ ಅಲ್ಲಿಯ ಲಾರಿ, ಅಲ್ಲಿಯ ತೊಟ್ಟಿ, ಅಲ್ಲಿಯ ಯಂತ್ರ ಎಲ್ಲವನ್ನೂ ಸಾಲ ಮಾಡಿ ತಂದು ನಿಲ್ಲಿಸಿದರೂ ಕೆಲಸ ಕೆಡುತ್ತದೆ, ಯಾಕೆಂದರೆ ಒಳಗೆ ಬೀಳುವ ಕಸವೇ ಬೇರೆ.

ಒಂದೇ ಚೀಲದಲ್ಲಿ ಎಲ್ಲ ಹಾಕಿದರೆ ಏನಾಗುತ್ತದೆ ನೋಡಿ. ಬೆಳಗ್ಗೆ ಹಾಕಿದ ಕಾಗದ ಸಂಜೆಗೆ ಸಾರು ಹೀರಿಕೊಂಡು ಮುದ್ದೆಯಾಗಿರುತ್ತದೆ. ರಟ್ಟಿಗೆ ಬೂಸ್ಟು ಬರುತ್ತದೆ. ಬಾಟಲಿ, ಡಬ್ಬಿಗೆ ಜಿಡ್ಡು ಹತ್ತುತ್ತದೆ. ಗುಜರಿಯವರು ಅದಕ್ಕೆ ಅರ್ಧ ಬೆಲೆ ಕೊಡುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ಸುಟ್ಟು ವಿದ್ಯುತ್ ಮಾಡೋಣ ಅಂದರೆ ಬೆಂಕಿಯ ಬಹಳಷ್ಟು ಶಕ್ತಿ ನೀರನ್ನು ಒಣಗಿಸುವುದಕ್ಕೇ ಹೋಗುತ್ತದೆ. ಗುಡ್ಡೆ ಹಾಕಿ ಬಿಟ್ಟರೆ, ಗಾಳಿ ಸಿಗದೆ ಕೊಳೆತು ಮೀಥೇನ್ ಬರುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ. ಅಡಿಯಿಂದ ಕಪ್ಪು ನೀರು ಬಸಿದು ಬಾವಿ ಸೇರುತ್ತದೆ. ಗುಡ್ಡವೇ ಜಾರುವುದೂ ಉಂಟು. 2000ದ ಜುಲೈನಲ್ಲಿ ಫಿಲಿಪ್ಪೀನ್ಸಿನ ಪಯಾಟಾಸ್‌ನಲ್ಲಿ ಮಳೆ ಕುಡಿದ ಕಸದ ಗುಡ್ಡ ಗುಡಿಸಲುಗಳ ಮೇಲೆ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. 2017ರ ಮಾರ್ಚ್‌ನಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಮತ್ತೆ ಅದೇ ಕಥೆ, ನೂರಕ್ಕೂ ಹೆಚ್ಚು ಸಾವು. ಸತ್ತವರಲ್ಲಿ ಬಹಳ ಮಂದಿ ಆ ಕಸ ಆಯ್ದೇ ಬದುಕುತ್ತಿದ್ದವರು.

ಈಗ ಈಜಿಪ್ಟಿನ ಕೈರೋಗೆ ಹೋಗೋಣ. ಕಸದ ಬಗ್ಗೆ ನನಗೆ ಯಾರಾದರೂ ಪಾಠ ಮಾಡಿ ಅಂದರೆ ನಾನು ಹೇಳುವುದು ಇದೊಂದೇ ಕಥೆ. ಅಲ್ಲಿ ಜಬ್ಬಾಲೀನ್ ಅಂತ ಒಂದು ಸಮುದಾಯ ಇದೆ. ದಶಕಗಳಿಂದ ಮನೆಮನೆಯ ಮಹಡಿ ಹತ್ತಿ ಕಸ ಇಳಿಸಿಕೊಂಡು ಬರುವವರು ಇವರೇ. ಮನೆಗೆ ತಂದು, ಕೂತು, ಒಂದೊಂದನ್ನೂ ಬೇರೆ ಮಾಡಿ, ತಂದದ್ದರಲ್ಲಿ ಸುಮಾರು 80 ಶೇಕಡಾ ಮತ್ತೆ ಬಳಕೆಗೆ ತರುತ್ತಿದ್ದರು. ಹಸಿ ಕಸ? ಅದನ್ನು ಅವರು ಸಾಕಿದ ಹಂದಿಗಳು ತಿನ್ನುತ್ತಿದ್ದವು. ಯಾವ ಎಂಜಿನಿಯರೂ ಕಾಗದದ ಮೇಲೆ ಬರೆದುಕೊಟ್ಟ ಯೋಜನೆ ಅಲ್ಲ ಅದು. ಆದರೂ ನಡೆಯುತ್ತಿತ್ತು. 2003ರ ಹೊತ್ತಿಗೆ ಸರ್ಕಾರಕ್ಕೆ ಇದು ಹಳೇ ಕಾಲದ ಪದ್ಧತಿ ಅನ್ನಿಸಿ, ಕೆಲಸವನ್ನು ವಿದೇಶಿ ಕಂಪನಿಗಳಿಗೆ ಕೊಟ್ಟಿತು. ಅವರು ಬೀದಿಯಲ್ಲಿ ತೊಟ್ಟಿ ಇಟ್ಟರು. ಬಾಗಿಲಲ್ಲೇ ಕಸ ಕೊಟ್ಟು ಅಭ್ಯಾಸವಾದ ಜನ ಚೀಲ ಹಿಡಿದು ಮಹಡಿ ಇಳಿಯಬೇಕಾಯಿತು. ಒಪ್ಪಂದದಲ್ಲಿ ಇದ್ದ ಮರುಬಳಕೆಯ ಷರತ್ತು ಬರೀ 20 ಶೇಕಡಾ! ಅಲ್ಲಿಗೂ ಮುಗಿಯಲಿಲ್ಲ. 2009ರಲ್ಲಿ ಹಂದಿಜ್ವರದ ಹೆದರಿಕೆಯಲ್ಲಿ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿದರು. ಊಟದ ಕಸ ತಿನ್ನುವವರೇ ಇಲ್ಲ. ಬೀದಿಬೀದಿಯಲ್ಲಿ ಹಸಿ ಕಸ ಕೊಳೆತು ರಾಶಿ ಬಿತ್ತು. ಹಸಿ ಕಸಕ್ಕೆ ಒಂದು ದಾರಿ ಇಲ್ಲದಿದ್ದರೆ ಉಳಿದ ದಾರಿಗಳೂ ಕಟ್ಟಿಕೊಳ್ಳುತ್ತವೆ ಅನ್ನುವುದು ನನಗೆ ಗೊತ್ತಾದದ್ದು ಈ ಕಥೆಯಿಂದ.

ಎಲ್ಲರೂ ಹಂದಿ ಸಾಕಬೇಕಾಗಿಲ್ಲ, ಗಾಬರಿ ಬೇಡ. ಇಂಡೋನೇಷ್ಯಾದ ಸುರಬಾಯದಲ್ಲಿ ತಕಾಕುರಾ ಅನ್ನುವ ಜಪಾನಿ ತಜ್ಞರು ಮನೆಯೊಳಗೇ ಇಡುವ ಬುಟ್ಟಿಯೊಂದನ್ನು ರೂಪಿಸಿದರು. ಬಟ್ಟೆ ಹಾಕುವಂಥ ತೂತಿನ ಬುಟ್ಟಿ, ಒಳಗೆ ರಟ್ಟು, ಭತ್ತದ ಹೊಟ್ಟು, ಸ್ಥಳೀಯವಾಗಿ ಸಿಗುವ ಹುದುಗು. ಅಷ್ಟೇ. ನಗರಾಡಳಿತ ಸಾವಿರಾರು ಮನೆಗೆ ಅದನ್ನು ಹಂಚಿತು. ಗಾಳಿ ಆಡುವುದರಿಂದ ನಾರುವುದಿಲ್ಲ. ಕಾಂಪೋಸ್ಟ್ ಮಾಡಲು ಹೋಗಿ ಹುಳ ಬಿತ್ತು ಅಂತ ಕೈಬಿಟ್ಟವರು ನಿಮ್ಮಲ್ಲೂ ಇರಬಹುದು. ಹೆಚ್ಚಾಗಿ ತಪ್ಪು ಒಂದೇ: ಹಸಿ ಮಾತ್ರ ಹಾಕಿದ್ದು. ಒಂದು ಹಿಡಿ ಸಿಪ್ಪೆ ಹಾಕಿದರೆ ಅದಕ್ಕಿಂತ ಜಾಸ್ತಿ ಒಣ ಎಲೆ ಬೀಳಬೇಕು. ವಾಸನೆ ಬಂತಾ, ಇನ್ನಷ್ಟು ಎಲೆ ಹಾಕಿ ಕೆದಕಿ. ತೀರಾ ಒಣಗಿತಾ, ನೀರು ಚಿಮುಕಿಸಿ.

ಜನರನ್ನು ಹುರಿದುಂಬಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಪೋಸ್ಟರ್, ಜಾಥಾ, ಭಾಷಣ (ಇದೂ ಸೇರಿ!) ಇವುಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಬ್ರೆಜಿಲಿನ ಕುರಿಟಿಬಾ ನಗರ 1991ರಲ್ಲಿ ಬೇರೆ ದಾರಿ ಹಿಡಿಯಿತು. ನಾಲ್ಕು ಕಿಲೋ ಒಣ ಕಸ ತಂದುಕೊಟ್ಟರೆ ಒಂದು ಕಿಲೋ ತರಕಾರಿ, ಹಣ್ಣು. ಲಾರಿ ಹೋಗಲಾಗದ ಬಡ ಬಡಾವಣೆಗಳಿಂದ ಜನರೇ ಕಸ ಹೊತ್ತು ತಂದರು. ಪುಣೆಯಲ್ಲಿ ಚಿಂದಿ ಆಯುವವರೇ ಕಟ್ಟಿದ ಸ್ವಚ್ಛ್ ಸಹಕಾರಿ ಸಂಘ 2008ರಿಂದ ಮನೆಮನೆಯ ಕಸ ತೆಗೆಯುತ್ತಿದೆ; ತಿಂಗಳಿಗೆ ಮನೆಯವರು ಕೊಡುವ ಶುಲ್ಕ, ಒಣ ಕಸ ಮಾರಿದ ದುಡ್ಡು ಎರಡೂ ಕೆಲಸ ಮಾಡುವವರಿಗೇ. ತಿಪ್ಪೆಯ ಮೇಲೆ ಬಗ್ಗಿ ಆಯುವುದಕ್ಕೂ ಬಾಗಿಲಲ್ಲಿ ಬೇರೆ ಮಾಡಿದ ಕಸ ಕೈಗೆ ತೆಗೆದುಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಜನರ ಉತ್ಸಾಹ ಕೊಲ್ಲುವುದಕ್ಕೆ ಮಾತ್ರ ಒಂದೇ ದಿನ ಸಾಕು. ಕಷ್ಟಪಟ್ಟು ಬೇರೆ ಮಾಡಿಟ್ಟ ಎರಡು ಬುಟ್ಟಿಯನ್ನು ಗಾಡಿಯವನು ಕಣ್ಣೆದುರೇ ಒಂದೇ ರಾಶಿಗೆ ಸುರಿದರೆ, ಮರುದಿನದಿಂದ ಯಾರು ಬೇರೆ ಮಾಡುತ್ತಾರೆ ಹೇಳಿ. ಹಾಗಾದಾಗ ಜನರನ್ನು ಸೋಮಾರಿಗಳು ಅಂತ ಬೈಯುವುದು ಸುಮ್ನೆ. ಗಾಡಿಯಲ್ಲಿ ಎರಡು ಖಾನೆ ಮಾಡಿ, ಆಮೇಲೆ ದಂಡದ ಮಾತಾಡಿ.

ಇನ್ನು ಬಾಟಲಿ. ಪೆಟ್ ಬಾಟಲಿ, ಡಬ್ಬಿ, ರಟ್ಟು, ಲೋಹ ಇವುಗಳ ಚಿಂತೆ ನನಗೆ ಕಡಿಮೆ, ಕೊಳ್ಳುವವರು ಇದ್ದಾರೆ. ಅಲ್ಯೂಮಿನಿಯಂ ಕರಗಿಸಿ ಮತ್ತೆ ಮಾಡಿದರೆ ಅದಿರಿನಿಂದ ಮಾಡುವುದಕ್ಕಿಂತ ಸುಮಾರು 95 ಶೇಕಡಾ ಶಕ್ತಿ ಉಳಿಯುತ್ತದೆ, ಯಾರು ಬಿಡುತ್ತಾರೆ! ತೊಂದರೆ ಇರುವುದು ಸಣ್ಣ ಸ್ಯಾಶೆಗಳಲ್ಲಿ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಅಂಟಿಸಿ ಮಾಡಿದ್ದು, ಬಿಡಿಸುವುದು ಬಹಳ ದುಬಾರಿ. ನೂರಾರು ಆಯ್ದರೂ ಒಂದು ಕಿಲೋ ಆಗುವುದಿಲ್ಲ. ಮನೆಯವರು ಎಷ್ಟು ತೊಳೆದು ಒಣಗಿಸಿ ಕೊಟ್ಟರೂ ಅದನ್ನು ಕೊಳ್ಳುವವರು ಇಲ್ಲ. ಇದಕ್ಕೆ ಮನೆಯಲ್ಲಿ ಉತ್ತರ ಹುಡುಕಬೇಡಿ, ಅದನ್ನು ತಯಾರಿಸಿ ಮಾರುವವರೇ ಹೊಣೆ ಹೊರಬೇಕು, ಇಲ್ಲವೇ ಪ್ಯಾಕಿಂಗ್ ಬದಲಿಸಬೇಕು. ಒಂದು ವಾರದ ಒಣ ಕಸವನ್ನು ನೆಲದ ಮೇಲೆ ಸುರಿದು, ಗುಜರಿಯವರನ್ನು ಕರೆದು ಬೇಕಾದ್ದು ಆರಿಸಿಕೊಳ್ಳಿ ಅನ್ನಿ. ಅವರು ಹೋದ ಮೇಲೆ ನೆಲದ ಮೇಲೆ ಉಳಿಯುವುದರಲ್ಲಿ ಇವೇ ಜಾಸ್ತಿ ಇರುತ್ತವೆ.

ಸರಿ, ಈಗ ನೀವು ಕೇಳಿ.