ಹೆಪ್ಪಿಗೆ ಒಂಚೂರು ಮೊಸರು ಕೊಡ್ತೀರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಡಾಕ್ಟರ್ ವಿವೇಕ್ ಮೂರ್ತಿ ಅವರ ಹೆಸರು ನೀವು ಕೇಳಿರಬಹುದು. ಅವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯರಾಗಿದ್ದಾಗ, 2023ರಲ್ಲಿ, ಅವರು ಒಂಟಿತನದ ಬಗ್ಗೆ ಅಲ್ಲಿನ ಜನರಿಗೆ ಎಚ್ಚರಿಕೆ ಕೊಟ್ಟರು. ಜನರ ಒಡನಾಟ ಇಲ್ಲದಿದ್ದರೆ ಆಯುಸ್ಸಿಗೆ ಆಗುವ ಹಾನಿ ದಿನಕ್ಕೆ 15 ಸಿಗರೇಟು ಸೇದಿದಷ್ಟು ಇರಬಹುದು ಅಂತ ಅದರಲ್ಲಿತ್ತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು.

ಇದಕ್ಕೆ ಮದ್ದೇನು ಅಂದ್ರೆ ಎಲ್ಲರೂ ಹೇಳುವುದು ಒಂದೇ, ನಾಲ್ಕು ಜನರ ಜೊತೆ ಬೆರೆಯಿರಿ, ಮಾತಾಡಿ. ಸರಿ. ಆದರೆ ಸುಮ್ನೆ ಮಾತಾಡಿದರೆ ಸಾಲದು. ಒಬ್ಬರಿಗೆ ಇನ್ನೊಬ್ಬರು ಬೇಕಾಗಬೇಕು.

ನಮ್ಮ ಕಡೆ ಮುಯ್ಯಾಳು ಅಂತ ಇತ್ತು, ಅಲ್ವಾ? ಒಟ್ಲಲ್ಲಿ, ಅಂದ್ರೆ ಸಸಿ ಮಡಿಯಲ್ಲಿ, ಭತ್ತದ ಪೈರು ಬಲಿತುಹೋಗುವ ಮೊದಲೇ ನಾಟಿ ಮುಗಿಸಬೇಕು, ಒಂದು ಮನೆಯವರ ಕೈಲಿ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ. ಯಾರ ಮನೆಗೆ ಎಷ್ಟು ಆಳು ಬಾಕಿ ಅನ್ನುವ ಲೆಕ್ಕ ಹೆಂಗಸರ ಬಾಯಲ್ಲೇ ಇರುತ್ತಿತ್ತು. ಒಬ್ಬಳು ಹುಷಾರಿಲ್ಲದೆ ಬರದಿದ್ದರೆ ನಾಟಿ ಸಾಲಲ್ಲಿ ಅವಳಿಲ್ಲದ್ದು ಗೊತ್ತಾಗುತ್ತಿತ್ತು, ಸಂಜೆ ಕೆಸರು ಕಾಲಲ್ಲೇ ಅವಳ ಮನೆ ಮುಂದೆ ನಿಂತು "ಯಾಕವ್ವಾ, ಏನಾಯ್ತು?" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದರು.

ಹಳ್ಳಿಯಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಯಾರನ್ನು ಕರೆಯಬೇಕು, ಯಾರ ಜೊತೆ ಕೂತು ಉಣ್ಣಬೇಕು ಅನ್ನುವುದನ್ನು ಜಾತಿಯೇ ತೀರ್ಮಾನ ಮಾಡುತ್ತಿತ್ತು. ಅದು ವಾಪಸ್ ಬರುವುದು ಬೇಡ.

ಈಗ ಹಾಲು, ಔಷಧಿ, ನಲ್ಲಿ ರಿಪೇರಿ ಎಲ್ಲದಕ್ಕೂ ಆ್ಯಪ್ ಇದೆ. ಅನುಕೂಲ ನಿಜ. ಆದರೆ ಪಕ್ಕದ ಮನೆಯವರನ್ನು ಏನೂ ಕೇಳದೆ ವರ್ಷಗಟ್ಟಲೆ ಇದ್ದುಬಿಡಬಹುದು, ಅವರೂ ನಮ್ಮನ್ನು ಕೇಳುವುದಿಲ್ಲ. "ಅವರಿಗೆ ಯಾಕೆ ತೊಂದರೆ" ಅನ್ನುವ ಸಂಕೋಚ. ನಿಜ ಹೇಳಬೇಕೆಂದರೆ, ಕೇಳಿದರೆ ಜಾಸ್ತಿ ಜನಕ್ಕೆ ಖುಷಿಯೇ ಆಗುತ್ತದೆ. ಅದರಲ್ಲೂ ವಯಸ್ಸಾದವರಿಗೆ. ನನ್ನಿಂದ ಇನ್ನೂ ಒಬ್ಬರಿಗೆ ಉಪಯೋಗ ಇದೆಯಲ್ಲ ಅನ್ನಿಸುತ್ತದೆ.

ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲ ಅಂದರೆ ಲೋಟ ಹಿಡಿದು ಪಕ್ಕದ ಮನೆ ಬೆಲ್ ಮಾಡಿ. ಹೆಸರು ಗೊತ್ತಿಲ್ಲದಿದ್ದರೆ ಅಲ್ಲೇ ಕೇಳಿಕೊಳ್ಳಿ. ಮುಂದಿನ ಸಲ ಊರಿಗೆ ಹೊರಟಾಗ ಬೀಗದ ಕೈ ಅವರ ಹತ್ತಿರ ಕೊಟ್ಟು, ಗಿಡಕ್ಕೆ ನೀರು ಹಾಕಲು ಹೇಳಿ. ಅವರು ಆಸ್ಪತ್ರೆಗೋ ಬ್ಯಾಂಕಿಗೋ ಜೊತೆಗೆ ಬನ್ನಿ ಅಂದ ದಿನ ನೀವೂ ಹೋಗಿಬನ್ನಿ.

ನಮಸ್ಕಾರ.